ಬ್ರಿಟನ್ನಿನ ದೊರೆಗೆ ನಮ್ಮ ಮೇಲೆ ಅಧಿಕಾರ ಇದೆಯೇ?

ಪ್ರಶ್ನೆ: ಐರೋಪ್ಯ ಒಕ್ಕೂಟ ಬಿಟ್ಟ ಬ್ರಿಟನ್, ಕಾಮನ್‌ವೆಲ್ತ್ (ಬ್ರಿಟನ್ ಮತ್ತು ಬಹುಪಾಲು ಅದರ ಹಳೆಯ ವಸಾಹತುಗಳ ಕೂಟ) ಮೂಲಕ ಹಳೆಯ ಸಾಮ್ರಾಜ್ಯವನ್ನು ಮತ್ತೆ ಕಟ್ಟುತ್ತಿದೆಯೇ? ಚಾರ್ಲ್ಸ್ ದೊರೆಯೇ ಅದರ ಮುಖ್ಯಸ್ಥ, ಭಾರತವೂ ಅದರೊಳಗಿದೆಯಲ್ಲ?

ಉತ್ತರ: ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆಗಸ್ಟ್ ಬಂತೆಂದರೆ ‘ನಾವಿನ್ನೂ ಬ್ರಿಟಿಷರ ಅಧೀನದಲ್ಲೇ ಇದ್ದೇವೆ’ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುತ್ತದೆ, ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ಈ ಬಾರಿ ಬುಡದಿಂದಲೇ ಹೇಳುತ್ತೇನೆ.

ಮೊದಲು ಕಾಮನ್‌ವೆಲ್ತ್ ಸದಸ್ಯರೆಲ್ಲ ಬ್ರಿಟನ್ನಿನ ದೊರೆಗೆ ನಿಷ್ಠರಾಗಿರಬೇಕಿತ್ತು. ಗಣರಾಜ್ಯವಾಗಲು ಹೊರಟಿದ್ದ ಭಾರತಕ್ಕೆ ಅದು ಒಪ್ಪಿಗೆಯಾಗುವಂತಿರಲಿಲ್ಲ. ಬದಲಾದದ್ದು ಭಾರತವಲ್ಲ, ನಿಯಮ. 1949ರ ಏಪ್ರಿಲ್‌ನಲ್ಲಿ ಹೊರಬಿದ್ದ ಲಂಡನ್ ಘೋಷಣೆಯಲ್ಲಿ ದೊರೆ ಸ್ವತಂತ್ರ ರಾಷ್ಟ್ರಗಳ ಒಡನಾಟದ ‘ಸಂಕೇತ’ವಾದ, ಆ ಅರ್ಥದಲ್ಲಷ್ಟೇ ಮುಖ್ಯಸ್ಥನಾದ. ಮುಂದಿನ ತಿಂಗಳೇ ನಮ್ಮ ಸಂವಿಧಾನ ಸಭೆ ಅದನ್ನು ಚರ್ಚಿಸಿ ಒಪ್ಪಿತು. ಇದು ನೆಹರೂ ಕಾಲದ ರಾಜತಂತ್ರದ ದೊಡ್ಡ ಗೆಲುವು. ಅದನ್ನೇ ಗುಲಾಮಗಿರಿಯ ಸಾಕ್ಷಿ ಎಂದು ಹಂಚುವುದನ್ನು ಕಂಡರೆ ನೋವಾಗುತ್ತದೆ.

ಇಂದಿನ 56 ಸದಸ್ಯ ದೇಶಗಳಲ್ಲಿ 36 ಗಣರಾಜ್ಯಗಳು. ಮುಖ್ಯಸ್ಥನ ಸ್ಥಾನ ವಂಶಪಾರಂಪರ್ಯವೂ ಅಲ್ಲ: ಮುಂದಿನವರು ಚಾರ್ಲ್ಸ್ ಎಂದು 2018ರಲ್ಲಿ ಸದಸ್ಯ ದೇಶಗಳ ನಾಯಕರು ಕೂಡಿ ತೀರ್ಮಾನಿಸಬೇಕಾಯಿತು. ಪೋರ್ಚುಗೀಸರು ಆಳಿದ್ದ ಮೊಜಾಂಬಿಕ್ 1995ರಲ್ಲಿ ಬಯಸಿಯೇ ಸೇರಿತು. ಅಧೀನದಲ್ಲಿರಲು ಯಾರಾದರೂ ಅರ್ಜಿ ಹಾಕುತ್ತಾರೆಯೇ?

ಇನ್ನು ಬ್ರಿಟನ್ ಏನು ಮಾಡುತ್ತಿದೆ? 1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ದಾಳಿ ಮಾಡಿ ಹಿಂದೆ ಸರಿಯಬೇಕಾಗಿ ಬಂದ ಮುಖಭಂಗದ ನಂತರ ಅದು ತನ್ನ ಜಾಗ ಹುಡುಕುತ್ತಲೇ ಇದೆ. 1973ರಲ್ಲಿ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯ ಸೇರಿದಾಗ, ತನ್ನನ್ನೇ ನಂಬಿದ್ದ ನ್ಯೂಜಿಲೆಂಡಿನ ಬೆಣ್ಣೆ ಮಾರುಕಟ್ಟೆಯನ್ನೂ ಇಕ್ಕಟ್ಟಿಗೆ ಸಿಲುಕಿಸಿತು. 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ ದೇಶದೇಶಗಳೊಂದಿಗೆ ಕೂತು ವ್ಯಾಪಾರ ಒಪ್ಪಂದ ಕುದುರಿಸುತ್ತಿದೆ. ಭಾರತದೊಂದಿಗೆ 2022ರ ಜನವರಿಯಲ್ಲಿ ತೊಡಗಿದ ಮಾತುಕತೆ ಸಹಿಯವರೆಗೆ ಬಂದದ್ದು 2025ರ ಜುಲೈನಲ್ಲಿ. ಕಾಮನ್‌ವೆಲ್ತ್‌ನಲ್ಲಿ ಬ್ರಿಟನ್ನಿನ ಆಜ್ಞೆ ನಡೆಯುವಂತಿದ್ದರೆ ಮೂರು ವರ್ಷ ಚೌಕಾಸಿ ಮಾಡಬೇಕಿರಲಿಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಅಮೆರಿಕದ್ದು ಕಾನ್ಸುಲೇಟ್, ಅಂದರೆ ರಾಯಭಾರ ಕಚೇರಿಯ ಕೈಕೆಳಗಿನ ಕಚೇರಿ; ಬ್ರಿಟನ್ನಿನದು ಡೆಪ್ಯುಟಿ ಹೈಕಮಿಷನ್. ಏಕೆ ಹೀಗೆ? ರಾಯಭಾರಿಯನ್ನು ಕಳುಹಿಸುವುದು ಒಬ್ಬ ದೊರೆ ಇನ್ನೊಬ್ಬ ದೊರೆಯ ಬಳಿಗೆ. ಎರಡೂ ದೇಶಕ್ಕೆ ದೊರೆ ಒಬ್ಬನೇ ಆಗಿದ್ದರೆ ತನ್ನ ಬಳಿಗೇ ಕಳುಹಿಸುವುದು ಹೇಗೆ? ಅದಕ್ಕೆಂದೇ ಹೈಕಮಿಷನರ್ ಎಂಬ ಹುದ್ದೆ ಬಂತು. ಕಾಮನ್‌ವೆಲ್ತ್ ದೇಶಗಳ ನಡುವೆ ಆ ಹೆಸರು ಹಾಗೆಯೇ ಉಳಿದಿದೆ: ಪಾಕಿಸ್ತಾನವೂ ಸದಸ್ಯ ದೇಶವಾದ್ದರಿಂದ ಇಸ್ಲಾಮಾಬಾದಿನಲ್ಲಿರುವ ನಮ್ಮ ಕಚೇರಿಗೂ ಹೈಕಮಿಷನ್ ಎಂದೇ ಹೆಸರು. ಅಲ್ಲಿಯೂ ದೊರೆಯಿಲ್ಲ, ಇಲ್ಲಿಯೂ ಇಲ್ಲ.