ಸರಾಟೊವ್ ಏರ್‌ಲೈನ್ಸ್: ಒಂದು ಸ್ವಿಚ್‌ನ ಕಥೆ ಮಾತ್ರವಲ್ಲ

ಪೈಲಟ್‌ಗಳು ಸ್ವಿಚ್ ಹಾಕಲು ಮರೆತರು, ವಿಮಾನ ಬಿತ್ತು, ಕಂಪನಿ ಮುಚ್ಚಿತು. ರಷ್ಯಾದ ಸರಾಟೊವ್ ಏರ್‌ಲೈನ್ಸ್ ಬಗ್ಗೆ ಇಷ್ಟು ಹೇಳಿ ಮುಗಿಸುವವರೇ ಜಾಸ್ತಿ. ಕಥೆ ಮಾತ್ರ ಬಹಳ ಹಿಂದಿನದು.

ಸರಾಟೊವ್ ವೋಲ್ಗಾ ದಂಡೆಯ ಊರು. ಯೂರಿ ಗಗಾರಿನ್ ವಿಮಾನ ಹಾರಿಸಲು ಕಲಿತದ್ದು ಇಲ್ಲೇ. 1931ರಲ್ಲಿ ಹುಟ್ಟಿದ ಇಲ್ಲಿನ ವಿಮಾನ ಘಟಕ ಆಮೇಲೆ ಸೋವಿಯತ್ ಸರ್ಕಾರದ ವಿಮಾನ ಸಂಸ್ಥೆ ಏರೋಫ್ಲೋಟ್‌ನ ಭಾಗವಾಯಿತು. ಸೋವಿಯತ್ ಒಕ್ಕೂಟ ಒಡೆದಾಗ ಏರೋಫ್ಲೋಟ್ ಕೂಡ ನೂರಾರು ಚೂರಾಯಿತು. ಅದರಲ್ಲಿ ಒಂದು ಚೂರು ಈ ಕಂಪನಿ.

ಉಳಿದವರಿಗಿಲ್ಲದ ಒಂದು ಅನುಕೂಲ ಇದಕ್ಕಿತ್ತು. ಯಾಕ್-42 ವಿಮಾನ ತಯಾರಾಗುತ್ತಿದ್ದದ್ದು ಇದೇ ಊರಿನಲ್ಲಿ. ಮೂರು ಇಂಜಿನ್, ಸುಮಾರು 120 ಸೀಟು. ವಿಮಾನ ನಿಲ್ದಾಣ ಊರೊಳಗಿನ ಗುಡ್ಡದ ಮೇಲಿತ್ತು, ರನ್‌ವೇ ಗಿಡ್ಡ. ಯಾಕ್-42ಕ್ಕೆ ಅಷ್ಟು ಸಾಕಾಗುತ್ತಿತ್ತು. ತವರು ಪಕ್ಕದಲ್ಲೇ ಇದ್ದ ಹಾಗೆ, ಅಲ್ವಾ? ಆದರೆ ಆ ಕಾರ್ಖಾನೆ ಸೊರಗಿ ದಿವಾಳಿಯಾಯಿತು. ನನ್ನ ಲೆಕ್ಕದಲ್ಲಿ ಕಂಪನಿಯ ಬೇರು ಅಲ್ಲಾಡಿದ್ದು ಆಗಲೇ.

ಆಮೇಲೆ ಬ್ರೆಜಿಲ್‌ನ ಎಂಬ್ರೇಯರ್ ವಿಮಾನ ಬಂತು. 2017ರಲ್ಲಿ ಬೇರೆ ಕಂಪನಿಯಲ್ಲಿ ಹಾರಿದ್ದ ಆಂಟೊನೊವ್-148 ವಿಮಾನಗಳು ಬಂದವು. ಅವುಗಳ ವಿನ್ಯಾಸ ಉಕ್ರೇನ್‌ನದು, ಜೋಡಣೆ ರಷ್ಯಾದ ವೊರೊನೆಜ್‌ನಲ್ಲಿ. ಆ ಎರಡು ದೇಶಗಳ ಸಂಬಂಧವೋ 2014ರಲ್ಲೇ ಮುರಿದಿತ್ತು. ಒಂದು ಸಣ್ಣ ಕಂಪನಿಗೆ ಮೂರು ಬಗೆಯ ವಿಮಾನ, ಮೂರು ಬಗೆಯ ತರಬೇತಿ, ಮೂರು ಬಗೆಯ ಬಿಡಿಭಾಗ.

2018ರ ಫೆಬ್ರುವರಿ 11. ಮಾಸ್ಕೋದ ದೊಮೊದೆದೊವೊದಿಂದ ಓರ್ಸ್ಕ್‌ಗೆ ಹೊರಟ ಆಂಟೊನೊವ್ ಕೆಲವೇ ನಿಮಿಷಗಳಲ್ಲಿ ಹಿಮದ ಬಯಲಿಗೆ ಬಿತ್ತು. ಒಳಗಿದ್ದ 71 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವೇಗ ಅಳೆಯುವ ಕೊಳವೆಗಳನ್ನು ಬೆಚ್ಚಗಿಡುವ ಹೀಟರ್ ಆನ್ ಆಗಿರಲಿಲ್ಲ. ಕೊಳವೆಯಲ್ಲಿ ಮಂಜು ಕಟ್ಟಿದರೆ ಮೀಟರ್ ಸುಳ್ಳು ಹೇಳುತ್ತದೆ. ವೇಗ ಕುಸಿಯುತ್ತಿದೆ ಎಂದು ಅದು ತೋರಿಸಿದಾಗ ಪೈಲಟ್‌ಗಳು ವಿಮಾನದ ಮೂತಿ ಕೆಳಗಿಳಿಸಿದರು. ತನಿಖಾ ವರದಿ ಅವರ ತಪ್ಪಿಗೇ ನಿಲ್ಲಲಿಲ್ಲ. ಕಂಪನಿಯ ಸುರಕ್ಷತಾ ವ್ಯವಸ್ಥೆ ಹೆಸರಿಗಷ್ಟೇ ಇತ್ತು, ತರಬೇತಿಯನ್ನು ವಿಮಾನಯಾನ ಅಧಿಕಾರಿಗಳೂ ಸರಿಯಾಗಿ ನೋಡಿರಲಿಲ್ಲ ಎಂಬುದು ಅದರ ಸಾರ. ಈ ಸಾಲುಗಳನ್ನು ಓದಿದವರು ಕಡಿಮೆ ಅನ್ನಿಸುತ್ತದೆ.

ಮೇ ಕೊನೆಗೆ ಕಂಪನಿಯ ಹಾರಾಟ ನಿಂತಿತು. 'ಇವೋಲ್ಗಾ' ಎಂಬ ಹಕ್ಕಿಯ ಹೆಸರಿಟ್ಟುಕೊಂಡು ಮತ್ತೆ ಹಾರಲು ನೋಡಿದರು, ಆಗಲಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡದ ಮೇಲಿನ ನಿಲ್ದಾಣವೂ ಮುಚ್ಚಿತು. ಊರಾಚೆ ಗಗಾರಿನ್ ಹೆಸರಿನ ಹೊಸ ನಿಲ್ದಾಣ ಬಂತು. ದೊಡ್ಡ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಸಿಕ್ಕಿತು, ಊರಿನದೇ ಕಂಪನಿ ಇಲ್ಲವಾದ ಮೇಲೆ.