ಚಾವಣಿ ಮೇಲಿನ ಸೋಲಾರ್: ಯೂನಿಟ್ಟಿಗೆ ಎಷ್ಟು ಬಿತ್ತು?

ಮನೆ ಮೇಲೆ ಸೋಲಾರ್ ಹಾಕಿಸಿದವರು ಸಿಕ್ಕರೆ ಎಲ್ಲರೂ ಮೊದಲು ಕೇಳುವುದು, 'ಒಟ್ಟು ಎಷ್ಟಾಯ್ತು?' ಉತ್ತರ ಕೇಳಿ ಹುಬ್ಬೇರಿಸುತ್ತಾರೆ. ಆಮೇಲೆ, 'ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತೆ?' ಅಲ್ಲಿಗೆ ಮಾತು ಮುಗಿಯುತ್ತದೆ. ಈ ಎರಡಕ್ಕಿಂತ ಮುಖ್ಯವಾದ ಮೂರನೇ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಯೂನಿಟ್ಟಿಗೆ ಎಷ್ಟು ಬಿತ್ತು?

ಬಟ್ಟೆ ಕೊಳ್ಳುವಾಗ ಮೀಟರಿಗೆ ಎಷ್ಟು ಅಂತ ಕೇಳುತ್ತೇವೆ. ಪೆಟ್ರೋಲ್ ಹಾಕಿಸುವಾಗ ಲೀಟರಿಗೆ ಎಷ್ಟು ಅಂತ ನೋಡುತ್ತೇವೆ. ಸೋಲಾರ್ ಕೊಳ್ಳುವಾಗ ಮಾತ್ರ ಕಿಲೋವ್ಯಾಟ್ ಲೆಕ್ಕದಲ್ಲಿ ಬೆಲೆ ಹೇಳಿದರೆ ಸುಮ್ನೆ ತಲೆ ಆಡಿಸುತ್ತೇವೆ. ಕಿಲೋವ್ಯಾಟ್ ಅನ್ನುವುದು ನಲ್ಲಿ ಎಷ್ಟು ದಪ್ಪ ಅನ್ನುವುದರ ಅಳತೆ. ಯೂನಿಟ್ ಅನ್ನುವುದು ಕೊಡ ಎಷ್ಟು ತುಂಬಿತು ಅನ್ನುವುದರ ಅಳತೆ. ನಮಗೆ ಬೇಕಾಗಿರುವುದು ಕೊಡದ ಲೆಕ್ಕ.

ಈ ಲೆಕ್ಕ ಕಷ್ಟದ್ದೇನಲ್ಲ. 3 ಕಿಲೋವ್ಯಾಟ್‌ನ ಸೋಲಾರ್ ಅಂತ ಇಟ್ಟುಕೊಳ್ಳಿ. ಬಿಸಿಲು ಚೆನ್ನಾಗಿರುವ ಕಡೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಮೂರಕ್ಕೆ ಹನ್ನೆರಡು. ವರ್ಷಕ್ಕೆ 4,380 ಯೂನಿಟ್. ಪ್ಯಾನೆಲ್ಲು 25 ವರ್ಷ ಬಾಳುತ್ತದೆ, ಆದರೆ ವರ್ಷಕ್ಕೆ ಸುಮಾರು ಶೇ 0.5ರಷ್ಟು ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಅದನ್ನೂ ಕಳೆದರೆ 25 ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಲಕ್ಷ ಯೂನಿಟ್. ಹಾಕಿಸಲು ಆದ ಖರ್ಚು, ನಡುವೆ ಒಮ್ಮೆ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಮಾಡುವ ಪೆಟ್ಟಿಗೆ) ಬದಲಿಸುವ ಖರ್ಚು, ತೊಳೆಯುವ ಖರ್ಚು, ಎಲ್ಲ ಕೂಡಿಸಿ ಒಂದು ಲಕ್ಷದಿಂದ ಭಾಗಿಸಿ. ಬಂದ ಅಂಕಿಯನ್ನು ನಿಮ್ಮ ಬಿಲ್ಲಿನ ಯೂನಿಟ್ ದರದ ಪಕ್ಕ ಇಟ್ಟು ನೋಡಿ. ಮೋಡ ಜಾಸ್ತಿ ಇರುವ ಕಡೆ ದಿನಕ್ಕೆ 4ರ ಬದಲು 3 ಯೂನಿಟ್ ಸಿಕ್ಕರೆ ಲಕ್ಷ ಹೋಗಿ 77 ಸಾವಿರಕ್ಕೆ ಇಳಿಯುತ್ತದೆ. ಅದೇ ಸಾಮಾನು, ಅದೇ ಕೂಲಿ, ಆದರೆ ಯೂನಿಟ್ಟಿಗೆ ಬೀಳುವ ಬೆಲೆ ಮೂರನೇ ಒಂದು ಪಾಲು ಜಾಸ್ತಿ.

ಇಷ್ಟರಲ್ಲಿ ಒಂದು ದೊಡ್ಡ ಖರ್ಚನ್ನು ನಾನು ಬಿಟ್ಟಿದ್ದೇನೆ, ಬಡ್ಡಿ. ಸೋಲಾರ್ ಹಾಕಿಸುವುದೆಂದರೆ 25 ವರ್ಷದ ಬಾಡಿಗೆಯನ್ನು ಮನೆಗೆ ಕಾಲಿಡುವ ದಿನವೇ ಕೊಟ್ಟಂತೆ. ಇಂಧನಕ್ಕೆ ದುಡ್ಡಿಲ್ಲ ನಿಜ, ಆದರೆ ಮುಂಗಡಕ್ಕೆ ದುಡ್ಡಿದೆ. 100 ರೂಪಾಯಿ ಸಾಲ ತೆಗೆದು 25 ವರ್ಷ ಸಮ ಕಂತಿನಲ್ಲಿ ತೀರಿಸಿದರೆ, ಶೇ 4ರ ಬಡ್ಡಿಯಲ್ಲಿ ವರ್ಷಕ್ಕೆ 6.4 ಕಟ್ಟಬೇಕು. ಶೇ 10 ಆದರೆ 11. ಸೂರ್ಯ ಅವನೇ, ಚಾವಣಿ ಅದೇ. ಬಡ್ಡಿಯೊಂದೇ ಕರೆಂಟಿನ ಬೆಲೆಯನ್ನು ಒಂದೂಮುಕ್ಕಾಲು ಪಟ್ಟಿನ ಹತ್ತಿರ ಒಯ್ಯುತ್ತದೆ. ಸೋಲಾರ್ ದುಬಾರಿ ಅನ್ನುವವರು ಎಷ್ಟೋ ಸಲ ಬೈಯುತ್ತಿರುವುದು ಬ್ಯಾಂಕಿನ ಬಡ್ಡಿಯನ್ನು.

ಇನ್ನು ಪ್ಯಾನೆಲ್ಲಿನ ಬೆಲೆ. ಇದರ ಹಿಂದೆ ಒಂದು ಕತೆಯಿದೆ, ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು 1839ರಲ್ಲಿ ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. ಆಗ ಅವನಿಗೆ 19 ವರ್ಷ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಅನ್ನುವ ಧಾತುವಿನ ಮೇಲೆ ತೆಳ್ಳಗೆ ಚಿನ್ನ ಹೊದಿಸಿ, ಬೆಳಕನ್ನು ಕರೆಂಟು ಮಾಡುವ ಸೆಲ್ ಮಾಡಿದ. ಮರುವರ್ಷ ನ್ಯೂಯಾರ್ಕಿನ ಒಂದು ಚಾವಣಿ ಮೇಲೆ ಅದನ್ನು ಇಟ್ಟ. ಚಾವಣಿ ಸೋಲಾರ್‌ಗೆ ಅಷ್ಟು ವಯಸ್ಸಾಗಿದೆ! ಆದರೆ ಬಿದ್ದ ಬೆಳಕಿನಲ್ಲಿ ಕರೆಂಟಾಗುತ್ತಿದ್ದದ್ದು ನೂರಕ್ಕೆ ಒಂದು ಪಾಲು. 1954ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್, ಪಿಯರ್ಸನ್ ಸಿಲಿಕಾನ್ ಸೆಲ್ ಮಾಡಿ ಅದನ್ನು ನೂರಕ್ಕೆ ಆರಕ್ಕೆ ಏರಿಸಿದರು. ಅದರಿಂದ ಒಂದು ಆಟಿಕೆ ಜಾಯಿಂಟ್ ವೀಲ್ ತಿರುಗಿಸಿ ತೋರಿಸಿದರು. ಸೆಲ್ ಬಲು ದುಬಾರಿ, ಅಷ್ಟು ಬೆಲೆ ಕೊಟ್ಟು ಕೊಳ್ಳುವವರು ಆಗ ಇದ್ದದ್ದು ಹೆಚ್ಚಾಗಿ ಆಕಾಶದಲ್ಲೇ. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್ 1 ಉಪಗ್ರಹ ಸೋಲಾರ್ ಸೆಲ್ ಹೊತ್ತೊಯ್ದಿತು.

ಅಲ್ಲಿಂದ ಇಲ್ಲಿಗೆ ಬೆಲೆ ಇಳಿದ ಬಗೆ ನೋಡಿ. ಲೋಕದಲ್ಲಿ ಅಲ್ಲಿಯವರೆಗೆ ಮಾರಾಟವಾದ ಪ್ಯಾನೆಲ್ಲುಗಳ ಒಟ್ಟು ಪ್ರಮಾಣ ದುಪ್ಪಟ್ಟಾದಾಗಲೆಲ್ಲ ಬೆಲೆ ಸುಮಾರು ಶೇ 20 ಇಳಿಯುತ್ತಾ ಬಂದಿದೆ. ಇದಕ್ಕೆ ಸ್ವಾನ್ಸನ್ ನಿಯಮ ಅಂತ ಹೆಸರು. 1970ರ ದಶಕದ ನಡುವಿನಿಂದ ಈವರೆಗೆ ಬೆಲೆ ನೂರಕ್ಕೆ 99 ಪಾಲಿಗಿಂತ ಜಾಸ್ತಿ ಬಿದ್ದಿದೆ. ಸಿಲಿಕಾನನ್ನು ತೆಳ್ಳಗೆ ಕೊಯ್ಯಲು, ಕಡಿಮೆ ಪೋಲು ಮಾಡಲು, ಕಡಿಮೆ ಬೆಳ್ಳಿ ಬಳಸಲು ಕಾರ್ಖಾನೆಗಳು ಕಲಿತವು. ಇದು ಕೈ ಪಳಗಿದ್ದರ ಫಲ.

ಇದರಿಂದ ಒಂದು ವಿಚಿತ್ರ ಆಗಿದೆ. ಮನೆ ಸೋಲಾರ್‌ನ ಒಟ್ಟು ಖರ್ಚಿನಲ್ಲಿ ಪ್ಯಾನೆಲ್ಲಿನ ಪಾಲು ಈಗ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಇನ್ವರ್ಟರ್, ಕಬ್ಬಿಣ ಅಥವಾ ಅಲ್ಯೂಮಿನಿಯಂ ಸ್ಟ್ಯಾಂಡು, ವೈರು, ಅರ್ತಿಂಗ್, ಕೂಲಿ, ಅನುಮತಿ. ಇದರಲ್ಲಿ ಎಷ್ಟೋ ಖರ್ಚು 2 ಕಿಲೋವ್ಯಾಟ್ ಇದ್ದರೂ ಒಂದೇ, 5 ಇದ್ದರೂ ಒಂದೇ. ಚಿಕ್ಕದು ಹಾಕಿಸಿದರೆ ಕಿಲೋವ್ಯಾಟ್ ಲೆಕ್ಕದಲ್ಲಿ ದುಬಾರಿ ಬೀಳುವುದು ಇದಕ್ಕೇ. ಹಾಗಂತ ಪ್ಯಾನೆಲ್ ಅಗ್ಗವಾಯ್ತು ಅಂತ ಸ್ಟ್ಯಾಂಡಿನಲ್ಲಿ ಉಳಿಸಲು ಹೋಗಬೇಡಿ. 25 ವರ್ಷ ಗಾಳಿಗೆ ಎದೆ ಕೊಡುವುದು ಅದೇ.

ಇನ್ನು ತಪ್ಪು ತಿಳಿವಳಿಕೆಗಳು. 'ಪ್ಯಾನೆಲ್ ಮಾಡಲು ಖರ್ಚಾದ ಕರೆಂಟನ್ನು ಅದು ಹುಟ್ಟಿನಿಂದ ಸಾಯುವವರೆಗೂ ವಾಪಸ್ ಕೊಡಲ್ಲ' ಎಂದು ಓದಿದವರೇ ಹೇಳುವುದು ಕೇಳಿದರೆ ಬೇಜಾರಾಗುತ್ತದೆ. ಸಿಲಿಕಾನ್ ಕರಗಿಸಲು 1414 ಡಿಗ್ರಿ ಬೇಕು, ಶಕ್ತಿ ಹಿಡಿಯುವುದು ನಿಜ. ಆದರೆ ಒಳ್ಳೆಯ ಬಿಸಿಲಿನಲ್ಲಿ ಒಂದೆರಡು ವರ್ಷದೊಳಗೆ ಆ ಸಾಲ ತೀರುತ್ತದೆ.

'ಬಿಸಿಲ ಝಳ ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ' ಅನ್ನುವುದು ಇನ್ನೊಂದು. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು. ಬಿಸಿ ಅದಕ್ಕೆ ಶತ್ರು. ಅದರ ಮೇಲೆ ಅಂಟಿಸಿದ ವ್ಯಾಟ್ ಲೆಕ್ಕ 25 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.4ರಷ್ಟು ಶಕ್ತಿ ಬೀಳುತ್ತದೆ. ಮಟಮಟ ಮಧ್ಯಾಹ್ನ ಸೆಲ್ಲು 60 ಡಿಗ್ರಿ ಮುಟ್ಟುವುದು ಮಾಮೂಲು. ಆಗ ನೂರರಲ್ಲಿ ಹನ್ನೆರಡು ಹೋಯಿತು ಅಂತಲೇ. ಪ್ಯಾನೆಲ್ಲಿನ ಬೆನ್ನ ಹಿಂದೆ ಗಾಳಿ ಆಡಲು ಜಾಗ ಬಿಡುವುದು ಇದಕ್ಕಾಗಿ.

ಆದರೆ ಯೂನಿಟ್ಟಿನ ಬೆಲೆಯನ್ನು ಸದ್ದಿಲ್ಲದೆ ಏರಿಸುವುದು ನೆರಳು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ಸೆಲ್ಲು ಕೊಡುವುದು ಅರ್ಧ ವೋಲ್ಟಿನ ಆಸುಪಾಸು. ಅದರಿಂದ ಏನೂ ಆಗದು. ಆದ್ದರಿಂದ ಹತ್ತಾರು ಸೆಲ್ಲುಗಳನ್ನು ಹೂವಿನ ಹಾರದ ಹಾಗೆ ಒಂದರ ಹಿಂದೊಂದು ಪೋಣಿಸುತ್ತಾರೆ. ಹಾಗೆ ಪೋಣಿಸಿದ ಮೇಲೆ ಎಲ್ಲದರೊಳಗೂ ಒಂದೇ ಪ್ರಮಾಣದ ಕರೆಂಟು ಹರಿಯಬೇಕು. ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವವರನ್ನು ನೆನೆಸಿಕೊಳ್ಳಿ. ನಡುವೆ ಒಬ್ಬ ನಿಧಾನವಾದರೆ ಇಡೀ ಸಾಲು ನಿಧಾನ. ಒಂಟಿ ದಾರಿಯಲ್ಲಿ ಎತ್ತಿನ ಗಾಡಿ ಮುಂದಿದ್ದರೆ ಹಿಂದಿನ ಬಸ್ಸೂ ಕಾರೂ ಅದರ ವೇಗಕ್ಕೇ ಬರಬೇಕು, ಹಾಗೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಉಳಿದ ಸೆಲ್ಲುಗಳು ನೆರಳಿನ ಸೆಲ್ಲಿನ ಮೂಲಕ ಕರೆಂಟು ತಳ್ಳಲು ನೋಡುತ್ತವೆ, ಅದು ಕಾದು ಸುಡಲು ಶುರುವಾಗುತ್ತದೆ. ದುಡಿಯಬೇಕಾದವನು ತಾನೇ ಹೊರೆಯಾದಂತೆ.

ಇದನ್ನು ತಪ್ಪಿಸಲು ಪ್ಯಾನೆಲ್ಲಿನ ಹಿಂದೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಡುತ್ತಾರೆ. ಹೆಸರೇ ಹೇಳುವಂತೆ ಅದು ಸುತ್ತುದಾರಿ. ಸೆಲ್ಲುಗಳ ಒಂದು ಗುಂಪಿನಲ್ಲಿ ತಡೆ ಬಂದರೆ ಕರೆಂಟು ಆ ಗುಂಪನ್ನೇ ಬಿಟ್ಟು ಸುತ್ತಿ ಹೋಗುತ್ತದೆ. ಒಂದು ಸೆಲ್ಲಿನ ಮೇಲೆ ದೊಡ್ಡ ಎಲೆ ಬಿದ್ದರೆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಹೋಯಿತು, ಆದರೆ ಸುಡುವುದು ತಪ್ಪಿತು.

ಎಲೆ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಕೆಸರಿನ ಗೆರೆ. ಪ್ಯಾನೆಲ್ಲನ್ನು ಹೆಚ್ಚು ಓರೆ ಮಾಡದೆ ಹೆಚ್ಚುಕಮ್ಮಿ ಮಲಗಿಸಿದ್ದರೆ, ಮಳೆ ತೊಳೆದ ಧೂಳೆಲ್ಲ ಕೆಳಗೆ ಜಾರಿ ಅಲ್ಯೂಮಿನಿಯಂ ಅಂಚಿಗೆ ಬಂದು ನಿಲ್ಲುತ್ತದೆ. ನೀರು ಆರುತ್ತದೆ, ಮಣ್ಣು ಉಳಿಯುತ್ತದೆ. ಕೆಲವು ತಿಂಗಳಲ್ಲಿ ಕೆಳ ಅಂಚಿನ ಉದ್ದಕ್ಕೂ ಎರಡು ಬೆರಳಗಲದ ಪಟ್ಟಿ. ಪ್ಯಾನೆಲ್ಲಿನ ಗಿಡ್ಡ ಬದಿ ಕೆಳಗಿದ್ದರೆ ಇದು ಅದರ ಒಟ್ಟು ಮೈಯಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಆದರೆ 16 ಸೆಂಟಿಮೀಟರ್ ಸೆಲ್ಲಿನಲ್ಲಿ 3 ಸೆಂಟಿಮೀಟರ್ ಮುಚ್ಚಿದರೆ ಆ ಸೆಲ್ಲಿನ ಐದನೇ ಒಂದು ಪಾಲು ಹೋದಂತೆ. ಕೆಳಗಿನ ಸಾಲಿನ ಸೆಲ್ಲುಗಳು ಮೂರು ಗುಂಪಿಗೂ ಸೇರಿದ್ದರಿಂದ ಸುತ್ತುದಾರಿಯೂ ಕೆಲಸಕ್ಕೆ ಬರುವುದಿಲ್ಲ. ಪಟ್ಟಿ ದಟ್ಟವಾಗಿದ್ದರೆ ಪ್ಯಾನೆಲ್ಲಿನ ಐದನೇ ಒಂದು ಪಾಲು ಕರೆಂಟೇ ಹೋಗಬಹುದು. ಮೊದಲ ಸಲ ನಾನೂ ನಂಬಲಿಲ್ಲ. ಬೆಳಗ್ಗೆ ಪ್ಯಾನೆಲ್ ಕಾಯುವ ಮುಂಚೆ ಒದ್ದೆ ಬಟ್ಟೆ ಹಿಡಿದು ಆ ಗೆರೆಯಷ್ಟನ್ನೇ ಒರೆಸಿ ಬಂದೆ. ಇನ್ವರ್ಟರಿನ ಅಂಕಿ ಕಣ್ಣೆದುರೇ ಏರಿತು. ಕನಿಷ್ಠ 10 ಡಿಗ್ರಿ ಓರೆ ಇರಲಿ ಅನ್ನುವುದು ಈ ಗೆರೆಯ ಕಾರಣಕ್ಕೂ ಹೌದು.

ಬ್ಯಾಟರಿ ಬೇಕೋ ಬೇಡವೋ? ಅದಕ್ಕೂ ಅದೇ ಪ್ರಶ್ನೆ ಹಾಕಿ. ಬ್ಯಾಟರಿಯ ಬೆಲೆಯನ್ನು ಅದು ಸಾಯುವ ಮುಂಚೆ ದಾಟಿಸುವ ಒಟ್ಟು ಯೂನಿಟ್ಟಿನಿಂದ ಭಾಗಿಸಿ. ಬಂದದ್ದನ್ನು ಪ್ಯಾನೆಲ್ಲಿನ ಯೂನಿಟ್ ಬೆಲೆಗೆ ಕೂಡಿಸಿ. ರಾತ್ರಿಯ ಕರೆಂಟಿನ ನಿಜ ಬೆಲೆ ಅದು. ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದಾದ ಲಿಥಿಯಂ ಬ್ಯಾಟರಿ, ಕೊಳ್ಳುವಾಗ ದುಬಾರಿಯಾದರೂ ಈ ಲೆಕ್ಕದಲ್ಲಿ ಸೀಸದ ಬ್ಯಾಟರಿಗಿಂತ ಅಗ್ಗ ಬೀಳಬಹುದು. ಒಂದು ಎಚ್ಚರಿಕೆ: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಬಿಸಿಲು ಎಷ್ಟೇ ಇರಲಿ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದಲ್ವಾ? ಅದಕ್ಕೇ ಹಾಗೆ ಮಾಡಿದ್ದಾರೆ.

ಹಾಕಿಸುವ ಮುಂಚೆ ಒಂದು ದಿನ ಸೀಮೆಸುಣ್ಣ ಹಿಡಿದು ಚಾವಣಿ ಹತ್ತಿ. ಹಗಲು ತೀರಾ ಚಿಕ್ಕದಿರುವ ದಿನಗಳಲ್ಲಿ ಹತ್ತಿದರೆ ಒಳ್ಳೆಯದು, ಆಗ ನೆರಳು ಉದ್ದ. ಒಂಬತ್ತು ಗಂಟೆಗೆ ನೀರಿನ ಟ್ಯಾಂಕಿನ ನೆರಳಿನ ಅಂಚಿಗೆ ಗೆರೆ ಎಳೆಯಿರಿ. ಹನ್ನೆರಡಕ್ಕೆ ಇನ್ನೊಂದು, ಮೂರಕ್ಕೆ ಮತ್ತೊಂದು. ಮೂರು ಗೆರೆಯೂ ಮುಟ್ಟದ ಜಾಗ ಎಷ್ಟು ಉಳಿಯಿತು ಅಂತ ಅಳೆದು, ಬರೆದುಕೊಂಡು, ಆಮೇಲೆ ಅಂದಾಜು ಪಟ್ಟಿ ತರಿಸಿ.