ಮ್ಯಾನಿಪಲ್: ರೋಮನ್ ಸೇನೆಯ ಒಂದು ಹಿಡಿ

ರೋಮನ್ ಯುದ್ಧಗಳ ಬಗ್ಗೆ ಓದುವಾಗ 'ಮ್ಯಾನಿಪಲ್' ಎಂಬ ಪದ ಆಗಾಗ ಎದುರಾಗುತ್ತದೆ. ಅದು ಸುಮಾರು 120 ಸೈನಿಕರ ತುಕಡಿ. ಲ್ಯಾಟಿನ್‌ನ 'ಮಾನಿಪುಲುಸ್' ಅಂದರೆ ಹಿಡಿ. ಒಂದು ಹಿಡಿ ಹುಲ್ಲು ಅಂತೀವಲ್ಲ, ಅದೇ ಹಿಡಿ. ಬಹಳ ಹಿಂದೆ ಕೋಲಿನ ತುದಿಗೆ ಹುಲ್ಲಿನ ಕಂತೆ ಕಟ್ಟಿ ಅದನ್ನೇ ಬಾವುಟ ಮಾಡಿಕೊಂಡಿದ್ದೆವು ಎಂದು ರೋಮನ್ನರೇ ಕಥೆ ಹೇಳುತ್ತಿದ್ದರು.

ಮೊದಮೊದಲು ಅವರು ಗ್ರೀಕರ ಹಾಗೆ ಫ್ಯಾಲಾಂಕ್ಸ್ ಕಟ್ಟಿ ಕಾದುತ್ತಿದ್ದರು. ಗುರಾಣಿಗೆ ಗುರಾಣಿ ತಾಗಿಸಿ, ಈಟಿ ಚಾಚಿ, ಗೋಡೆಯೇ ನಡೆದು ಬಂದ ಹಾಗೆ ಬರುವುದು. ಬಯಲಲ್ಲಿ ಇದು ಸರಿ. ಆದರೆ ಕ್ರಿ.ಪೂ. 343ರಿಂದ ಸ್ಯಾಮ್ನೈಟರ ಜೊತೆ ಯುದ್ಧ ಶುರುವಾಯಿತು. ಅವರು ಇಟಲಿಯ ಬೆಟ್ಟದ ಜನ. ಏರು ತಗ್ಗಿನಲ್ಲಿ ಗೋಡೆ ನಡೆಸೋದು ಸುಮ್ನೆ ಅಲ್ಲ. ಒಂದು ಕಡೆ ಬಿರುಕು ಬಿಟ್ಟರೆ ಮುಗಿಯಿತು. ಸೇನೆಯನ್ನು ಹಿಡಿ ಹಿಡಿಯಾಗಿ ಒಡೆದದ್ದು ಈ ಯುದ್ಧಗಳ ಕಾಲದಲ್ಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮೂರು ಸಾಲು, ನಡುನಡುವೆ ಸಂದಿ. ಮುಂದಿನ ಸಾಲಿನ ಸಂದಿಗೆ ಸರಿಯಾಗಿ ಹಿಂದಿನ ಸಾಲಿನ ತುಕಡಿ, ಚದುರಂಗದ ಮಣೆಯ ಹಾಗೆ. ಮುಂದೆ ಎಳೆಯರು, ಕೊನೆಗೆ ಟ್ರಿಯಾರಿ ಎಂಬ ಪಳಗಿದ ಹಿರಿಯರು. 'ಟ್ರಿಯಾರಿಗಳ ತನಕ ಬಂತು' ಎಂದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ.

ನನ್ನ ಪ್ರಕಾರ ಈ ಏರ್ಪಾಟಿನ ಜಾಣತನ ಇದ್ದದ್ದು ಸಂದಿಯಲ್ಲೇ. ಕ್ರಿ.ಪೂ. 202ರಲ್ಲಿ ಉತ್ತರ ಆಫ್ರಿಕಾದ ಜಾಮಾದಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಸುಮಾರು 80 ಆನೆಗಳನ್ನು ತಂದ. ಎದುರಿದ್ದ ರೋಮನ್ ಸೇನಾಪತಿ ಸ್ಕಿಪಿಯೋ ಚದುರಂಗದ ಜೋಡಣೆ ಬಿಟ್ಟು, ತುಕಡಿಗಳನ್ನು ಒಂದರ ಬೆನ್ನಿಗೆ ಒಂದು ನಿಲ್ಲಿಸಿದ. ನಡುವೆ ನೇರ ಓಣಿಗಳಾದವು. ಎಷ್ಟೋ ಆನೆಗಳು ಆ ಓಣಿಗಳಲ್ಲೇ ಓಡಿ ಆಚೆ ಹೋದವು! ಐದು ವರ್ಷದ ಬಳಿಕ, ಗ್ರೀಸಿನ ಕೈನೋಸೆಫಾಲೆ ಗುಡ್ಡಗಳಲ್ಲಿ ಮ್ಯಾಸಿಡೋನಿಯದ ಫ್ಯಾಲಾಂಕ್ಸ್ ರೋಮನ್ನರ ಎಡಭಾಗವನ್ನು ಒತ್ತಿಕೊಂಡು ಬರುತ್ತಿತ್ತು. ಗೆಲ್ಲುತ್ತಿದ್ದ ಬಲಭಾಗದಿಂದ ಒಬ್ಬ ಅಧಿಕಾರಿ ಸುಮಾರು 20 ಮ್ಯಾನಿಪಲ್‌ಗಳನ್ನು ತಿರುಗಿಸಿ ಅದರ ಬೆನ್ನಿಗೆ ಬಿದ್ದ. ಉದ್ದ ಈಟಿ ಹಿಡಿದು ಒತ್ತಾಗಿ ನಿಂತವರು ಹಿಂದೆ ತಿರುಗಿ ಕಾದುವುದು ಹೇಗೆ? ಆ ಅಧಿಕಾರಿಯ ಹೆಸರು ಮಾತ್ರ ಇತಿಹಾಸದಲ್ಲಿ ಉಳಿದಿಲ್ಲ.

ಮುಂದೆ ಉತ್ತರದಿಂದ ಸಿಂಬ್ರಿಗಳಂಥ ದೊಡ್ಡ ಜನಾಂಗಗಳು ನುಗ್ಗಿದವು. ಅಂಥ ಹೊಡೆತಕ್ಕೆ 120 ಜನರ ಹಿಡಿ ಸಾಲದಾಯಿತು. ಮೂರು ಮ್ಯಾನಿಪಲ್ ಸೇರಿಸಿದ ಕೊಹಾರ್ಟ್ ಮುಖ್ಯವಾಯಿತು. ಇದರ ಕೀರ್ತಿ ಜಾಸ್ತಿ ರೋಮನ್ ಸೇನಾಪತಿ ಮಾರಿಯಸ್‌ಗೆ ಹೋಗುತ್ತದೆ, ಆದರೆ ಸ್ಪೇನಿನ ಯುದ್ಧಗಳಲ್ಲಿ ಅದು ಮೊದಲೇ ಇತ್ತು. ಅಂದಹಾಗೆ, ಲ್ಯಾಟಿನ್‌ನಲ್ಲಿ ಕೊಹಾರ್ಟ್‌ನ ಮೂಲ ಪದಕ್ಕೆ ಬೇಲಿ ಹಾಕಿದ ಹಟ್ಟಿಯಂಗಳ ಎಂಬ ಅರ್ಥವೂ ಇದೆ. ಹುಲ್ಲಿನ ಹಿಡಿಯಿಂದ ಹಟ್ಟಿಗೆ!